ಕೋಳಿಕೆ ರಂಗನ ಕಾಗುಣಿತ



ನಾವು ಬ್ಯಾಂಕಿನ ಗುಮಾಸ್ತರು. ಸಂಗೀತ ಸಾಹಿತ್ಯಗಳು ನಮ್ಮ ಕಸುಬಲ್ಲ. ಆದರೂ ಟಿ. ಪಿ. ಕೈಲಾಸಂ ಅವರ ಹಾಡುಗಳನ್ನು ಕುರಿತು ಎರಡು ಮಾತಾಡಿರೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ಒಲ್ಲೆವೆನ್ನಲಾಗಲಿಲ್ಲ.

1884ರಲ್ಲಿ ಹುಟ್ಟಿದ ಕೈಲಾಸಂ ಅವರ ಮನೆಮಾತು ತಮಿಳು. ತಂದೆ ಪರಮಶಿವ ಅಯ್ಯರ್ ನ್ಯಾಯಾಧೀಶರಾಗಿದ್ದರು. ಮಗ ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸರ್ಕಾರದ ಭೂಗರ್ಭ ಇಲಾಖೆಯಲ್ಲಿ ಕೆಲಸ ಹಿಡಿದು, ಕೆಲವೇ ವರ್ಷಗಳಲ್ಲಿ ಬಿಟ್ಟೂಬಿಟ್ಟರು. ಇನ್‌ಕ್ರಿಮೆಂಟಿನ ತಿಂಗಳನ್ನೇ ಎಣಿಸುತ್ತ ಕೂರುವ ನಮ್ಮಂಥವರಿಗೆ ಇದನ್ನು ಕೇಳಿದರೇ ಎದೆ ಧಸಕ್ಕೆನ್ನುತ್ತದೆ! ಆಮೇಲೆ ಅವರದು ನಾಟಕ, ಹಾಡು, ಮಾತು. ‘ಟೊಳ್ಳು ಗಟ್ಟಿ’, ‘ಬಂಡ್ವಾಳ್ವಿಲ್ಲದ ಬಡಾಯಿ’ ಮೊದಲಾದವನ್ನು ತಾವೆಲ್ಲ ಬಲ್ಲಿರಿ. ಇಂಗ್ಲಿಷ್ ಬೆರೆತ ನಮ್ಮ ಮಾತನ್ನು ಅದೇ ಬೆರಕೆ ಮಾತಿನಿಂದಲೇ ಹಾಸ್ಯಮಾಡಿದ ಚತುರರು ಅವರು.

ಹಾಡುಗಳಲ್ಲೂ ಅದೇ ಉಪಾಯ. ಮೊದಲ ಮಹಾಯುದ್ಧದ ಸಿಪಾಯಿಗಳು ಹಾಡಿಕೊಂಡು ನಡೆದ ಟಿಪ್ಪರರಿಯ ಹಾಡು ಅವರ ಕೈಗೆ ಸಿಕ್ಕಿ ನಮ್ಮ ತಿಪ್ಪಾರಳ್ಳಿಯ ಹಾಡಾಯಿತು. ಕಾನ್‌ಸ್ಟಾಂಟಿನೋಪಲ್ ಎಂಬ ಊರ ಹೆಸರನ್ನು ಅಕ್ಷರ ಬಿಡಿಸಿ ಹಾಡುವ ಇಂಗ್ಲಿಷ್ ಹಾಡೊಂದಿತ್ತು. ಆ ಮಟ್ಟಿಗೆ ‘ಕೋಳಿಕೆ ರಂಗ’ ಬಂದ. ಹಳ್ಳಿಯವನೊಬ್ಬ ತನ್ನ ಹೆಸರು ಹೇಳಿ, ಒತ್ವ, ಏತ್ವ, ಸೊನ್ನೆಗಳನ್ನು ಒಂದೊಂದಾಗಿ ಎಣಿಸಿ ತೋರಿಸುತ್ತಾನೆ. ಇಂಗ್ಲಿಷಿನ ಬರಿ ಅಕ್ಷರಗಳ ಎಣಿಕೆಯಲ್ಲಿ ಈ ಸೊಗಸೆಲ್ಲಿಯದು? ನಮ್ಮ ಗುಣಿತವೇ ತಾಳ ಹಾಕುತ್ತದೆ. ಹಳ್ಳಿಗನನ್ನು ಗೇಲಿಮಾಡಿದ ಹಾಡೆಂದು ಕೆಲವರು ತಿಳಿಯುವುದುಂಟು. ನಮಗೆ ಹಾಗೆ ತೋರುವುದಿಲ್ಲ. ರಂಗನಿಗೆ ತನ್ನ ಹೆಸರಿನ ಕಾಗುಣಿತ ತಪ್ಪಿಲ್ಲದೆ ಗೊತ್ತು. ಪೇಟೆಯಲ್ಲಿ ಕುಳಿತು ನಗುವ ನಮ್ಮಲ್ಲಿ ಎಷ್ಟು ಮಂದಿಯ ಮಕ್ಕಳಿಗೆ ಅದು ಗೊತ್ತು?

ಈ ಚೆನ್ನೈ ಮದ್ರಾಸಾಗಿದ್ದ ಕಾಲಕ್ಕೆ, 1945ರಲ್ಲಿ, ಇಲ್ಲಿಯೇ ಕನ್ನಡ ಸಾಹಿತ್ಯ ಸಮ್ಮೇಳನ ಸೇರಿತು, ಅಧ್ಯಕ್ಷರು ಕೈಲಾಸಂ. ತಮಿಳು ಮನೆಮಾತಿನವರನ್ನು ತಮಿಳರ ಊರಿನಲ್ಲಿ ಕನ್ನಡಿಗರು ತಮ್ಮ ಹಿರಿಯರೆಂದು ಕೂರಿಸಿದರು. ಮರುವರ್ಷವೇ ಅವರು ತೀರಿಕೊಂಡರು.

ಮನೆಯ ಸಂಗತಿ ಹೇಳುವುದಕ್ಕೆ ಕ್ಷಮಿಸಬೇಕು. ನಮ್ಮ ಏಳು ವರ್ಷದ ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು. ಕನ್ನಡದ ಕಾಗುಣಿತದ ಪುಸ್ತಕ ತೆರೆದರೆ ಅಳು. ಗದರಿಸಿದ್ದಾಯಿತು, ಮಿಠಾಯಿಯ ಆಸೆ ತೋರಿಸಿದ್ದಾಯಿತು, ಫಲವಿಲ್ಲ. ಒಂದು ಭಾನುವಾರ ಅವಳ ಅಜ್ಜಿ ಕಾಫಿಪುಡಿ ಬೀಸುತ್ತ ರಂಗನ ಹಾಡು ಗುನುಗಿದರು. ಹುಡುಗಿ ಬಂದು ಪಕ್ಕದಲ್ಲಿ ಕುಳಿತಳು. ಮೊದಲು ತನ್ನ ಹೆಸರು ಬಿಡಿಸಿದಳು, ಆಮೇಲೆ ನಮ್ಮೆಲ್ಲರದೂ. ಸಂಜೆಯ ಹೊತ್ತಿಗೆ ಕೆಳಗಿನ ಮನೆಯ ಮುರುಗೇಶನ್ ಮಾಮನ ಬಾಗಿಲಲ್ಲಿ ನಿಂತು, ಅವರ ಹೆಸರಿಗೆ ಕೊಂಬೆಷ್ಟು, ಏತ್ವವೆಲ್ಲಿ ಎಂದು ಕನ್ನಡದಲ್ಲಿ ಹಾಡುತ್ತಿದ್ದಳು. ಪಾಪ, ಅವರಿಗೆ ಒಂದಕ್ಷರವೂ ತಿಳಿಯದು. ತಲೆದೂಗುತ್ತ, ಇನ್ನೊಮ್ಮೆ ಹಾಡೆಂದರು.