ತಿಳಿದೂ ಏಕೆ ಬಿಡುವುದಿಲ್ಲ?

(ಕಿನ್ನಾಳದಲ್ಲಿ ಪಾಲಕರನ್ನು ಉದ್ದೇಶಿಸಿ ಮಾಡಿದ ಭಾಷಣ)



ಗುಟ್ಕಾ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬರುತ್ತದೆಂದು ನಿಮ್ಮಲ್ಲಿ ಯಾರಿಗೆ ಗೊತ್ತಿಲ್ಲ? 2016ರಿಂದ ತಂಬಾಕಿನ ಪಾಕೀಟಿನ ಶೇ. 85 ಭಾಗದಲ್ಲಿ ಚಿತ್ರಸಹಿತ ಎಚ್ಚರಿಕೆ ಕಡ್ಡಾಯವಾಗಿದೆ. 2013ರಲ್ಲಿ ನಮ್ಮ ರಾಜ್ಯ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಒಂದು ಪಾಕೀಟು, ತಂಬಾಕು ಇನ್ನೊಂದು ಪಾಕೀಟಾಗಿ ಅದೇ ವಸ್ತು ಅಂಗಡಿಗೆ ಮರಳಿತು. 2016-17ರ ಸಮೀಕ್ಷೆಯಂತೆ ಕರ್ನಾಟಕದ ವಯಸ್ಕರಲ್ಲಿ ಶೇ. 22.8 ಜನ ತಂಬಾಕು ಬಳಸುತ್ತಿದ್ದರು. ಅಂದರೆ ತಿಳಿವಳಿಕೆಯೊಂದೇ ಸಾಲದು.

1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯರೋಗ ಪತ್ತೆಗೆ ಉಚಿತ ಎಕ್ಸ್‌ರೇ ವಾಹನಗಳು ಮನೆ ಹತ್ತಿರ ಬಂದರೂ ಅನೇಕರು ಹೋಗಲಿಲ್ಲ. ಹಾಕ್‌ಬಾಮ್, ರೋಸೆನ್‌ಸ್ಟಾಕ್ ಮೊದಲಾದ ಮನೋವಿಜ್ಞಾನಿಗಳು ಕಾರಣ ಹುಡುಕಿದರು. 'ಈ ರೋಗ ನನಗೂ ಬರಬಹುದು, ಬೇಗ ಪತ್ತೆಯಾದರೆ ಲಾಭವಿದೆ' ಎಂದು ನಂಬಿದವರೇ ಹೆಚ್ಚಾಗಿ ಹೋಗಿದ್ದರು. ನಾವೋ, 'ನಮ್ಮಜ್ಜ ಕೊನೆತನಕ ತಿಂದರು, ಏನೂ ಆಗಲಿಲ್ಲ' ಎನ್ನುತ್ತೇವೆ. ಮೊದಲ ಅಡ್ಡಿ ಇದೇ.

ಎರಡನೆಯದು 'ನನ್ನಿಂದಾಗದು' ಎಂಬ ಭಾವನೆ. 'ನನ್ನಿಂದಾಗುತ್ತದೆ' ಎಂಬ ನಂಬಿಕೆಯಿದ್ದವರೇ ಪ್ರಯತ್ನಕ್ಕಿಳಿದು ಕೊನೆತನಕ ನಿಲ್ಲುತ್ತಾರೆಂದು ಬಂಡೂರ ಎಂಬ ವಿಜ್ಞಾನಿ 1977ರಲ್ಲಿ ಪ್ರತಿಪಾದಿಸಿದರು. ರಂಜಾನಿನಲ್ಲಿ ಗಮನಿಸಿ: ಒಂದು ತಾಸು ಬಿಡಲಾರೆ ಎನ್ನುವವರೂ ಸಹರಿಯಿಂದ ಇಫ್ತಾರಿನವರೆಗೆ ತಂಬಾಕು ಮುಟ್ಟುವುದಿಲ್ಲ. ಆ ಶಕ್ತಿ ಅವರಲ್ಲೇ ಇದೆ. ಇಫ್ತಾರಾದ ಮೇಲೆ ಮತ್ತೆ ಪಾಕೀಟು ಹರಿಯುವುದೇಕೆ?

ಹಗಲು ಮನೆಮಂದಿ, ಓಣಿಯವರು ಎಲ್ಲರೂ ಜೊತೆಗಿರುತ್ತಾರೆ. ರಾತ್ರಿ ಆ ಆಸರೆ ಇರುವುದಿಲ್ಲ. ಸುತ್ತಲಿನವರ ನಡತೆಯೇ ಮೂರನೆಯ ಅಂಶ. ತಂದೆ ಮಗನ ಕೈಗೆ ದುಡ್ಡು ಕೊಟ್ಟು ತಂಬಾಕು ತರಿಸಿದರೆ ಆ ಮಗು ಕಲಿಯುವ ಪಾಠ ಯಾವುದು? ಮಕ್ಕಳಿಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆಯೇ ಹೇಳುತ್ತದೆ.

ನಾಲ್ಕನೆಯದು ಖಚಿತ ಯೋಜನೆ. 'ಬಿಡುತ್ತೇನೆ' ಎಂದರೆ ಸಾಲದು. 'ಊಟವಾದ ಕೂಡಲೇ ಸೋಂಪು ಬಾಯಿಗೆ ಹಾಕಿಕೊಳ್ಳುತ್ತೇನೆ' ಎಂದು ನಿರ್ಧರಿಸಿ. ಲಂಡನ್ನಿನಲ್ಲಿ ನಡೆದ ಅಧ್ಯಯನವೊಂದರಲ್ಲಿ ಹೊಸ ಅಭ್ಯಾಸ ರೂಢಿಯಾಗಲು ಕೆಲವರಿಗೆ 18 ದಿನ, ಕೆಲವರಿಗೆ 254 ದಿನ, ಸಾಮಾನ್ಯವಾಗಿ ಸುಮಾರು 66 ದಿನ ಬೇಕಾಯಿತು. ನಡುವೆ ಒಂದು ದಿನ ತಪ್ಪಿದರೆ ಎಲ್ಲ ಕೆಟ್ಟಿತೆಂದಲ್ಲ. ನಮ್ಮೂರ ಚಿತ್ರಗಾರರೂ ಮರ ಹದವಾಗುವ ಮುನ್ನ ಬಣ್ಣ ಹಚ್ಚುವುದಿಲ್ಲ.

ನಿಕೋಟಿನ್ ಚಟ ಮನಸ್ಸಿನದಷ್ಟೇ ಅಲ್ಲ, ದೇಹದ್ದೂ ಹೌದು. ಆದ್ದರಿಂದ ವೈದ್ಯರ ನೆರವು ಕೇಳಲು ನಾಚಬೇಡಿ. 1800-11-2356 ಉಚಿತ ಸಹಾಯವಾಣಿಯಿದೆ.

ಪಾಲಕರೆ, ಮಕ್ಕಳ ಫೀಸಿಗೆ, ಪುಸ್ತಕಕ್ಕೆ ಕಷ್ಟಪಟ್ಟು ದುಡಿಯುತ್ತೀರಿ. ಅವರು ಓದಿ ಮುಂದೆ ಬರುವುದನ್ನು ಕಣ್ಣಾರೆ ನೋಡಲು ನೀವೂ ಆರೋಗ್ಯವಾಗಿರಬೇಕಲ್ಲವೆ? ಇಂದಿನಿಂದ ಮಗುವನ್ನು ಪಾಕೀಟು ತರಲು ಕಳಿಸಬೇಡಿ. ಮೊದಲ ಹೆಜ್ಜೆಗೆ ಇಷ್ಟೇ ಸಾಕು.