ಜೋಪಡಿಯ ಬಾಗಿಲಿಗೆ ಬಂದ ಯಂತ್ರ

ಅಘನಾಶಿನಿಯನ್ನು ದಿವಗಿಯಲ್ಲಿ ದಾಟಿ ಕುಮಟೆ, ಹೊನ್ನಾವರ, ಭಟ್ಕಳಗಳ ಮೂಲಕ ಸಾಗುವ ರಾಷ್ಟ್ರೀಯ ಹೆದ್ದಾರಿಯನ್ನು ಚತುಷ್ಪಥವಾಗಿಸುವ ಕಾಮಗಾರಿ 2020ರಲ್ಲಿ ಇನ್ನೂ ಮುಗಿದಿರಲಿಲ್ಲ. ಆ ವರ್ಷದ ಮಾರ್ಚಿನಲ್ಲಿ ಭಟ್ಕಳದಲ್ಲಿ ಕೊರೋನಾ ಕಾಣಿಸಿಕೊಂಡಿತು. ದೇಶವೇ ಬಾಗಿಲು ಹಾಕಿಕೊಂಡಿತು. ಮನೆಯಿದ್ದ ನಾವು ಮನೆಯೊಳಗೆ ಉಳಿದೆವು. ರಸ್ತೆ, ಮನೆಗಳನ್ನು ಕಟ್ಟುವವರು ತಗಡಿನ ಜೋಪಡಿಗಳಲ್ಲಿ ಉಳಿದರು.

ಮೇ ತಿಂಗಳ ಒಂದು ಸಂಜೆ, ನಮ್ಮ ಬಾವಿಯ ನೀರಿಗೆ ಬರುತ್ತಿದ್ದ ಬಯಲುಸೀಮೆಯ ಗಾರೆ ಕೆಲಸದ ತರುಣನೊಬ್ಬ ತನ್ನ ಹಳೆಯ ಗುಂಡಿಯ ಫೋನನ್ನು ಮುಂದೆ ಹಿಡಿದು ಕೇಳಿದ: "ಸರ, ಸರಕಾರದ ಆ್ಯಪು ಇದರಾಗ ಕೂಡ್ತದೇನ್ರಿ?"

ಅವನು ಕೇಳಿದ್ದು ಏಪ್ರಿಲಿನಲ್ಲಿ ಬಂದಿದ್ದ 'ಆರೋಗ್ಯ ಸೇತು'ವನ್ನು. ಬ್ಲೂಟೂತಿನ ಸಹಾಯದಿಂದ ಸಮೀಪದ ಫೋನುಗಳನ್ನು ಗುರುತಿಟ್ಟುಕೊಂಡು, ಅವುಗಳ ಒಡೆಯರಲ್ಲಿ ಯಾರಿಗಾದರೂ ಸೋಂಕು ಕಂಡರೆ ಉಳಿದವರನ್ನು ಎಚ್ಚರಿಸುವ ಉಪಾಯವದು. ಆದರೆ ಒಂದೇ ತಗಡಿನಡಿ ಹತ್ತು ಮಂದಿ ಮಲಗುವಲ್ಲಿ ಸಾಮೀಪ್ಯವನ್ನು ಯಂತ್ರ ಹೇಳಬೇಕಾಗಿಲ್ಲ. ದೂರ ಮಲಗಲು ಬೇಕಾದ ಜಾಗವನ್ನು ಯಂತ್ರ ಕೊಡಲಾರದು. ಗುಂಡಿಯ ಫೋನಿನವರಿಗಾಗಿ ಮೇ ತಿಂಗಳಲ್ಲಿ 1921 ಎಂಬ ಸಂಖ್ಯೆಯನ್ನು ತೆರೆದಿದ್ದರು. ಅದನ್ನು ಚೀಟಿಯಲ್ಲಿ ಬರೆದುಕೊಟ್ಟು, ಉಪಕಾರ ಮಾಡಿದೆನೆಂದು ಸಮಾಧಾನಪಟ್ಟೆ.

ತಂತ್ರಜ್ಞಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಇದೇ ಕರಾವಳಿಯ ಮಂಗಳೂರಿನಲ್ಲಿ ಅದು ಏನನ್ನು ಸಾಧಿಸಬಲ್ಲುದೆಂಬುದಕ್ಕೆ ನಿದರ್ಶನವಿದೆ. ಏಳುತ್ತಿದ್ದ ಕಟ್ಟಡಗಳಲ್ಲಿ ನಿಂತ ನೀರು ಸೊಳ್ಳೆಗಳಿಗೆ ತೊಟ್ಟಿಲಾಗಿ, ಕಟ್ಟಡ ಕಾರ್ಮಿಕರು ಮಲೇರಿಯಾಕ್ಕೆ ಮೊದಲ ತುತ್ತಾಗುತ್ತಿದ್ದರು. 2015ರಲ್ಲಿ ಅಲ್ಲಿ ಮಲೇರಿಯಾ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಯಂತ್ರಗಳನ್ನು ಕೊಟ್ಟರು. ರಕ್ತಪರೀಕ್ಷೆಯಲ್ಲಿ ರೋಗ ಕಂಡೊಡನೆ ಸುದ್ದಿ ಆ ಯಂತ್ರಕ್ಕೆ ಮುಟ್ಟುವುದು. ಕಾರ್ಯಕರ್ತ ರೋಗಿಯಿದ್ದಲ್ಲಿಗೇ ಹೋಗಿ, ಔಷಧಿ ಪೂರ್ತಿ ನಡೆಯಿತೇ ಎಂದು ವಿಚಾರಿಸಿ, ಸುತ್ತಲಿನ ನೀರನ್ನು ಹುಡುಕುವುದು. ಐದು ವರ್ಷಗಳ ಕೊನೆಗೆ ರೋಗ ಶೇಕಡ 80ಕ್ಕೂ ಹೆಚ್ಚು ಇಳಿದಿತ್ತು. ಇಲ್ಲಿ ಕಾರ್ಮಿಕನು ಯಂತ್ರವನ್ನು ಹುಡುಕಿಕೊಂಡು ಹೋಗಲಿಲ್ಲ. ಯಂತ್ರವನ್ನು ಹಿಡಿದ ಮನುಷ್ಯನೊಬ್ಬ ಅವನ ಬಾಗಿಲಿಗೆ ಬಂದ. ಭೇದವಿರುವುದು ಇಷ್ಟರಲ್ಲೇ.

ಆದರೆ ಬಾಗಿಲು ಎಲ್ಲಿದೆಯೆಂದು ಮೊದಲು ತಿಳಿದಿರಬೇಕು. ಆಗ ಜಾರಿಯಲ್ಲಿದ್ದ 1996ರ ಕಾಯಿದೆಯಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಕಟ್ಟಡ ಕಾರ್ಮಿಕನು ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸಬಹುದಾಗಿತ್ತು. 2020ರ ಮೇ ತಿಂಗಳ ಸರ್ಕಾರದ ಲೆಕ್ಕದಂತೆ ಕರ್ನಾಟಕದಲ್ಲಿ ಹಾಗೆ ನೋಂದಾಯಿಸಿಕೊಂಡವರು 15.80 ಲಕ್ಷ. ಅವರಲ್ಲಿ 11.80 ಲಕ್ಷ ಮಂದಿಗೆ ತಲಾ 2,000 ರೂಪಾಯಿ ಬ್ಯಾಂಕಿನ ಮೂಲಕ ಸಂದಿತ್ತು. ಉಳಿದ ನಾಲ್ಕು ಲಕ್ಷ ಮಂದಿಯ ಖಾತೆಗಳ ವಿವರ ಇನ್ನೂ ಪರಿಶೀಲನೆಯಲ್ಲಿತ್ತು. ಬಳಿಕ ಇನ್ನೂ 3,000 ರೂಪಾಯಿ ಘೋಷಣೆಯಾಯಿತು. ಕ್ಷಣಮಾತ್ರದಲ್ಲಿ ಹಣವನ್ನು ಮುಟ್ಟಿಸಬಲ್ಲ ಯಂತ್ರವೂ, ಪುಸ್ತಕದಲ್ಲಿ ಹೆಸರಿಲ್ಲದವನ ಮುಂದೆ ಕುರುಡಾಗುತ್ತದೆ.

ಆದುದರಿಂದ ಇನ್ನೊಂದು ಮಾರಿ ಬರುವ ಮುನ್ನ ಮಾಡಬೇಕಾದ ಕೆಲಸ ಹಳೆಯದೇ: ಹೆಸರನ್ನು ಬರೆದುಕೊಳ್ಳುವುದು, ನೀರನ್ನು ಒದಗಿಸುವುದು, ಜ್ವರ ಬಂದವನಿಗೆ ಬೇರೆ ಮಲಗಲು ಒಂದು ಕೋಣೆಯನ್ನು ಕಟ್ಟುವುದು. ಯಂತ್ರ ಅದರ ಮೇಲೆ ನಿಲ್ಲಬೇಕು.

ಆ ತರುಣನು ಮಂಡಳಿಯ ಚೀಟಿಯೇ ತನ್ನಲ್ಲಿಲ್ಲವೆಂದು ಹೇಳಿದ್ದ. ಮಳೆಗಾಲಕ್ಕೆ ಮುಂಚೆ ಜೋಪಡಿಗಳು ಖಾಲಿಯಾದವು. ಅವನು ಸುಖವಾಗಿ ಊರು ಸೇರಿದನೇ ಎಂದು ವಿಚಾರಿಸಲು ಹೊರಟಾಗ ನನಗೆ ಹೊಳೆಯಿತು: ಎರಡು ತಿಂಗಳು ನಮ್ಮ ಬಾವಿಯ ನೀರು ಸೇದಿದವನ ಹೆಸರನ್ನು ನಾನೂ ಕೇಳಿರಲಿಲ್ಲ.