ಇಂಗ್ಲಿಷ್ ಪೇಪರಿನ ಮುಂದೆ

ಎಸ್ಸೆಸ್ಸೆಲ್ಸಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಸಾಮಾನ್ಯವಾಗಿ ದ್ವಿತೀಯ ಭಾಷೆ. 80 ಅಂಕ ಬರವಣಿಗೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಆದರೆ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಎಷ್ಟೋ ಮಕ್ಕಳಿಗೆ ಅದು ಎರಡನೆಯದೆಲ್ಲಿ ಬಂತು? ತಾಂಡಾದ ಹುಡುಗಿಗೆ ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಗಡಿಗೆ ಹತ್ತಿದ ಆಳಂದದ ಊರುಗಳಲ್ಲಿ ಮರಾಠಿ, ಪೇಟೆಯ ಓಣಿಗಳಲ್ಲಿ ಉರ್ದು. ಇಂಗ್ಲಿಷಿನ ಸರದಿ ಆಮೇಲೆ.

2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ-1ರಲ್ಲಿ ಈ ಜಿಲ್ಲೆ ಶೇ 42.43 ಫಲಿತಾಂಶದೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿತ್ತು. ಮಕ್ಕಳನ್ನು ದೂರುವುದು ಸುಲಭ ಬಿಡಿ. ಇಂಗ್ಲಿಷಿನ ಪತ್ರ, ಪ್ರಬಂಧ ಬಾಯಿಪಾಠ ಮಾಡಿಸಿದರೆ ಪಾಸಾದಾರು. ಮೊದಲು ಓದಿರದ ಗದ್ಯಭಾಗ ಎದುರಾದರೆ ತಡವರಿಸುತ್ತಾರೆ.

ತಂದೆತಾಯಂದಿರೇ, ತೊಗರಿ ರಾಶಿಗೆಂದು ಹತ್ತನೇ ತರಗತಿಯ ಮಕ್ಕಳನ್ನು ಶಾಲೆ ಬಿಡಿಸಬೇಡಿ. ದಿನಾ ಒಂದು ಪುಟ ಇಂಗ್ಲಿಷ್ ಗಟ್ಟಿಯಾಗಿ ಓದಿಸಿ. ನಿಮಗೆ ಬರದಿದ್ದರೂ ಪರವಾಗಿಲ್ಲ, ಪಕ್ಕದಲ್ಲಿ ಕೂತು ಕೇಳಿ.